ಉದಯೋನ್ಮುಖ ದೇಶಗಳಿಗೆ ಡಾಲರ್ ಮೀಸಲು ಎಷ್ಟಿದ್ದರೆ ಸಾಕು?

ನಮ್ಮ ಬಳಗದ ಈ ತಿಂಗಳ ಪ್ರಶ್ನೋತ್ತರ ವಿದೇಶಿ ವಿನಿಮಯ ಮೀಸಲಿನ, ಅಂದರೆ ದೇಶದ ಕೇಂದ್ರ ಬ್ಯಾಂಕು ತನ್ನ ಬಳಿ ಕಾದಿಡುವ ಡಾಲರ್, ಇತರ ವಿದೇಶಿ ಹಣ ಮತ್ತು ಚಿನ್ನದ ಕುರಿತಾಗಿದೆ. ಉತ್ತರಿಸುತ್ತಿರುವವರು ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ದುಡಿದು, ನಿವೃತ್ತಿಯ ನಂತರ ಮಡಿಕೇರಿಯಲ್ಲಿ ನೆಲೆಸಿರುವ ನಮ್ಮ ಸದಸ್ಯೆ. ಪ್ರಶ್ನೆ ಕೇಳಿದವರ ಹೆಸರಿನ ಬದಲು ಊರನ್ನಷ್ಟೇ ಹಾಕಲಾಗಿದೆ.

ಪ್ರಶ್ನೆ (ಗೋಣಿಕೊಪ್ಪಲು, ಕಾಫಿ ಬೆಳೆಗಾರರು): ನಮಸ್ಕಾರ ಮೇಡಂ. ದೇಶದ ವಿದೇಶಿ ವಿನಿಮಯ ಮೀಸಲು ಇಷ್ಟು ಶತಕೋಟಿ ಡಾಲರ್ ಏರಿತು, ಇಷ್ಟು ಇಳಿಯಿತು ಎಂಬ ಸುದ್ದಿ ಶನಿವಾರದ ಪತ್ರಿಕೆಯಲ್ಲಿ ತಪ್ಪದೆ ಇರುತ್ತದೆ. ಏರಿದರೆ ಒಳ್ಳೆಯದು, ಇಳಿದರೆ ಕೆಟ್ಟದ್ದು ಎಂಬ ಧಾಟಿಯಲ್ಲೇ ಅದನ್ನು ಬರೆದಿರುತ್ತಾರೆ. ತೋಟದಲ್ಲಿ ಕೆರೆ ತೋಡಿಸುವಾಗ ನಾವು, ಹೂಮಳೆ ಕೈಕೊಟ್ಟರೆ ಎಷ್ಟು ಎಕರೆ ರೋಬಸ್ಟಾಕ್ಕೆ ಎಷ್ಟು ಸುತ್ತು ಸ್ಪ್ರಿಂಕ್ಲರ್ ಹಾಯಿಸಬೇಕಾದೀತು ಎಂದು ಲೆಕ್ಕ ಹಾಕಿಯೇ ಅಳತೆ ನಿರ್ಧರಿಸುತ್ತೇವೆ. ಅದಕ್ಕಿಂತ ದೊಡ್ಡ ಕೆರೆ ತೋಡಿದರೆ ಅಷ್ಟು ತೋಟ ನಷ್ಟ. ಭಾರತದಂಥ ದೇಶಗಳ ಡಾಲರ್ ಮೀಸಲಿಗೂ ಇಂಥದೊಂದು ಅಳತೆ ಇದೆಯೇ?

ಉತ್ತರ: ನಮಸ್ಕಾರ. ನಿಮ್ಮ ಕೆರೆಯ ಲೆಕ್ಕ ಸರಿಯಾದ ತುದಿಯಿಂದಲೇ ಶುರುವಾಗಿದೆ. ಎಷ್ಟು ಬಂದು ತುಂಬುತ್ತದೆ ಎಂಬುದಕ್ಕಿಂತ, ಬಾರದೇ ಹೋದಾಗ ಎಷ್ಟು ಬೇಕಾಗುತ್ತದೆ ಎಂಬುದೇ ಇಲ್ಲಿ ಅಳತೆ. ಹೊರಗಿನವರು ಹೊಸದಾಗಿ ಒಂದು ಡಾಲರನ್ನೂ ಕೊಡದ ಪರಿಸ್ಥಿತಿ ಬಂದರೆ, ಮುಂದಿನ ಒಂದು ವರ್ಷದಲ್ಲಿ ಯಾರು ಯಾರು ಬಂದು ಡಾಲರ್ ಕೇಳಬಹುದು, ಅವರಿಗೆಲ್ಲ ಕೊಡುವಷ್ಟು ಕೈಯಲ್ಲಿದೆಯೇ ಎಂಬುದು ಮೀಸಲಿನ ಪ್ರಶ್ನೆ. ಅರ್ಥಶಾಸ್ತ್ರಜ್ಞರು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಅಳತೆಗಳನ್ನು ಮುಂದಿಟ್ಟಿದ್ದರೆ, ಅದಕ್ಕೆ ಕಾರಣ ಈ ಕೇಳುವವರ ಪಟ್ಟಿ ಬೆಳೆಯುತ್ತ ಬಂದದ್ದು.

ಎಲ್ಲಕ್ಕಿಂತ ಹಳೆಯ ಅಳತೆ ಮೂರು ತಿಂಗಳ ಆಮದು. ಬಂಡವಾಳ ಗಡಿ ದಾಟಲು ಅನುಮತಿಯೇ ವಿರಳವಾಗಿದ್ದ ಕಾಲದಲ್ಲಿ ಡಾಲರ್ ಕೇಳುವವರೆಂದರೆ ಬಹುಪಾಲು ಆಮದುದಾರರು. ರಫ್ತಿನ ಹಣ ಮೂರು ತಿಂಗಳು ನಿಂತುಹೋದರೂ ಕಚ್ಚಾ ತೈಲ, ಗೊಬ್ಬರ, ಔಷಧದ ಹಡಗು ಬರುವಂತಿರಬೇಕು ಎಂಬುದು ಅದರ ಹಿಂದಿನ ಆಲೋಚನೆ. ಆಮೇಲೆ ಬ್ಯಾಂಕುಗಳು ಮತ್ತು ಕಂಪನಿಗಳು ಹೊರದೇಶದಿಂದ ಆರು ತಿಂಗಳಿಗೆ, ಒಂದು ವರ್ಷಕ್ಕೆಂದು ಸಾಲ ಎತ್ತತೊಡಗಿದವು. ಸಾಲ ಕೊಟ್ಟವರು ಅವಧಿ ಮುಗಿದಾಗ ನವೀಕರಿಸದೆ ಒಟ್ಟಿಗೇ ವಾಪಸ್ ಕೇಳಿದರೆ ಏನಾಗುತ್ತದೆ ಎಂಬುದನ್ನು 1997ರಲ್ಲಿ ಥಾಯ್ಲೆಂಡ್, ಇಂಡೊನೇಷ್ಯಾ ಮತ್ತು ದಕ್ಷಿಣ ಕೊರಿಯಾ ಕಂಡವು. ಆ ಪಾಠದಿಂದ 1999ರಲ್ಲಿ ಎರಡನೆಯ ಅಳತೆ ಬಂತು: ಒಂದು ವರ್ಷದೊಳಗೆ ತೀರಿಸಬೇಕಾದ ವಿದೇಶಿ ಸಾಲದಷ್ಟಾದರೂ ಮೀಸಲು ಇರಬೇಕು. ಅರ್ಜೆಂಟೀನಾದ ಹಣಕಾಸು ಸಚಿವಾಲಯದಲ್ಲಿದ್ದ ಪಾಬ್ಲೊ ಗಿಡೊಟ್ಟಿ ಇದನ್ನು ಸೂಚಿಸಿದರು, ಅಮೆರಿಕದ ಫೆಡರಲ್ ರಿಸರ್ವ್‌ನ ಅಧ್ಯಕ್ಷರಾಗಿದ್ದ ಅಲನ್ ಗ್ರೀನ್‌ಸ್ಪ್ಯಾನ್ ಎತ್ತಿ ಹಿಡಿದರು. ಹಾಗಾಗಿ ಇಬ್ಬರ ಹೆಸರೂ ಅದಕ್ಕೆ ಅಂಟಿಕೊಂಡಿದೆ. ಮೂರನೆಯದು ದೇಶದೊಳಗಿನವರನ್ನೇ ನೋಡುವ ಅಳತೆ. ನಾಣ್ಯದ ಮೇಲಿನ ನಂಬಿಕೆ ಹೋದರೆ ಸ್ವದೇಶಿಯರೂ ಠೇವಣಿ ಮುರಿದು ಡಾಲರಿಗೆ ಓಡುತ್ತಾರೆ. ಆದ್ದರಿಂದ ಚಲಾವಣೆಯ ನೋಟು ಮತ್ತು ಬ್ಯಾಂಕ್ ಠೇವಣಿಗಳೆಲ್ಲ ಸೇರಿದ ಒಟ್ಟು ಹಣದ ಶೇ 20ರಷ್ಟು ಮೀಸಲಿರಲಿ ಎನ್ನುತ್ತಾರೆ.

ಒಂದು ಕಾಲ್ಪನಿಕ ದೇಶವನ್ನು ತೆಗೆದುಕೊಳ್ಳೋಣ. ಅದರ ವಾರ್ಷಿಕ ಆಮದು 120 ಶತಕೋಟಿ ಡಾಲರ್, ಒಂದು ವರ್ಷದೊಳಗೆ ತೀರಿಸಬೇಕಾದ ವಿದೇಶಿ ಸಾಲ 60 ಶತಕೋಟಿ, ಒಟ್ಟು ಹಣ 400 ಶತಕೋಟಿ ಎನ್ನಿ. ಮೊದಲ ಅಳತೆಯಂತೆ 30 ಶತಕೋಟಿ ಸಾಕು, ಎರಡನೆಯದರಂತೆ 60 ಬೇಕು, ಮೂರನೆಯದರಂತೆ 80 ಬೇಕು. ಒಂದೇ ದೇಶ, ಒಂದೇ ದಿನ, ಉತ್ತರ ಮಾತ್ರ ಎರಡೂವರೆ ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಹಾಗಾಗಿ "ಇಷ್ಟು ತಿಂಗಳ ಆಮದಿಗೆ ಸಾಕಾಗುವಷ್ಟು ಮೀಸಲಿದೆ" ಎಂಬ ಒಂದೇ ವಾಕ್ಯವನ್ನು ಓದಿ ಯಾರೂ ನೆಮ್ಮದಿ ಪಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ಪ್ರಶ್ನೆ (ಮಡಿಕೇರಿ, ಎಂ.ಕಾಂ. ವಿದ್ಯಾರ್ಥಿನಿ): ಮೇಡಂ, ಈ ಮೂರರಲ್ಲಿ ಯಾವುದನ್ನು ಹಿಡಿಯಬೇಕು? ಐಎಂಎಫ್ ಇವೆಲ್ಲವನ್ನೂ ಸೇರಿಸಿದ ಸೂತ್ರವೊಂದನ್ನು ಮಾಡಿದೆ ಎಂದು ತರಗತಿಯಲ್ಲಿ ಕೇಳಿದ್ದೆ, ಆದರೆ ಅದು ಅರ್ಥವಾಗಲಿಲ್ಲ.

ಉತ್ತರ: ಆ ಸೂತ್ರ ಕಷ್ಟದ್ದೇನಲ್ಲಮ್ಮ, ಬರೀ ಕೂಡುವ ಲೆಕ್ಕ. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) 2011ರಲ್ಲಿ ಉದಯೋನ್ಮುಖ ದೇಶಗಳಿಗಾಗಿ ಇದನ್ನು ಮುಂದಿಟ್ಟಿತು. ಹಿಂದಿನ ಬಿಕ್ಕಟ್ಟುಗಳಲ್ಲಿ ಯಾವ ದಾರಿಯಿಂದ ಎಷ್ಟೆಷ್ಟು ಹಣ ಹೊರಹೋಯಿತು ಎಂದು ನೋಡಿ, ಒಂದೊಂದಕ್ಕೂ ಒಂದು ಪಾಲು ಕಟ್ಟಿದ್ದಾರೆ. ವಿನಿಮಯ ದರವನ್ನು ಮಾರುಕಟ್ಟೆಗೆ ಬಿಟ್ಟ ದೇಶವಾದರೆ ಅಲ್ಪಾವಧಿ ವಿದೇಶಿ ಸಾಲದ ಶೇ 30, ವಿದೇಶಿಯರ ಷೇರು–ಬಾಂಡ್ ಹೂಡಿಕೆ ಮತ್ತು ದೀರ್ಘಾವಧಿ ಸಾಲದಂಥ ಇತರ ಹೊಣೆಯ ಶೇ 15, ಒಟ್ಟು ಹಣದ ಶೇ 5, ರಫ್ತಿನ ಶೇ 5. ಇವನ್ನು ಕೂಡಿದ ಮೊತ್ತದ ಶೇ 100ರಿಂದ 150ರಷ್ಟು ಮೀಸಲಿದ್ದರೆ ಸಾಕೆಂದು ಪರಿಗಣಿಸುತ್ತಾರೆ. ದರವನ್ನು ಕಟ್ಟಿಹಾಕಿದ ದೇಶವಾದರೆ ಸಾಲದ ಪಾಲು ಹಾಗೆಯೇ ಉಳಿದು, ಉಳಿದ ಮೂರು ಕ್ರಮವಾಗಿ ಶೇ 20, 10, 10 ಆಗುತ್ತವೆ.

ನಮ್ಮ ಕಾಲ್ಪನಿಕ ದೇಶಕ್ಕೇ ಇದನ್ನು ಹಚ್ಚಿ ನೋಡು. ರಫ್ತು 100 ಶತಕೋಟಿ, ಇತರ ಹೊಣೆ 200 ಶತಕೋಟಿ ಎಂದು ಸೇರಿಸಿಕೊಂಡರೆ, ದರವನ್ನು ಮಾರುಕಟ್ಟೆಗೆ ಬಿಟ್ಟಾಗ 18 + 30 + 20 + 5, ಅಂದರೆ 73 ಶತಕೋಟಿ. ದರ ಕಟ್ಟಿಹಾಕಿದಾಗ 18 + 40 + 40 + 10, ಅಂದರೆ 108 ಶತಕೋಟಿ. ದೇಶದ ಸಾಲವಾಗಲಿ ವ್ಯಾಪಾರವಾಗಲಿ ಬದಲಾಗದಿದ್ದರೂ, ನಾಣ್ಯವನ್ನು ಒಂದೇ ದರದಲ್ಲಿ ನಿಲ್ಲಿಸುತ್ತೇನೆಂದು ಮಾತು ಕೊಟ್ಟ ಒಂದೇ ಕಾರಣಕ್ಕೆ 35 ಶತಕೋಟಿ ಡಾಲರ್ ಹೆಚ್ಚು ಬೇಕಾಯಿತು. ಮೀಸಲಿನ ಚರ್ಚೆಯಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವ ಸಂಗತಿ ಇದು. ನಾಣ್ಯ ಸ್ವಲ್ಪ ಇಳಿಯಲು ಬಿಟ್ಟರೆ ಆಮದು ತಾನಾಗಿ ಕುಗ್ಗುತ್ತದೆ, ಓಡಿಹೋಗುವ ಹೂಡಿಕೆದಾರನಿಗೂ ಕಡಿಮೆ ಡಾಲರ್ ಸಿಗುತ್ತದೆ, ಹೊಡೆತದ ಒಂದು ಭಾಗವನ್ನು ದರವೇ ತಡೆದುಕೊಳ್ಳುತ್ತದೆ. ಇಳಿಯಲು ಬಿಡದಿದ್ದರೆ ಅಷ್ಟನ್ನೂ ಮೀಸಲೇ ಹೊರಬೇಕು. ಚೀನಾದ ಮೀಸಲು ಜೂನ್ 2014ರಲ್ಲಿ ಸುಮಾರು ನಾಲ್ಕು ಲಕ್ಷ ಕೋಟಿ ಡಾಲರ್ ಮುಟ್ಟಿತ್ತು, ಜಗತ್ತಿನ ಯಾವ ದೇಶವೂ ಅಷ್ಟು ಕಂಡಿರಲಿಲ್ಲ. ಯುವಾನ್ ಕುಸಿಯದಂತೆ ತಡೆಯುವ ಯತ್ನ ಮತ್ತು ಬಂಡವಾಳದ ಹೊರಹರಿವಿನ ನಡುವೆ ಜನವರಿ 2017ರ ಹೊತ್ತಿಗೆ ಅದು ಮೂರು ಲಕ್ಷ ಕೋಟಿಗಿಂತ ಕೆಳಗೆ ಬಂತು.

ಯಾವುದನ್ನು ಹಿಡಿಯಬೇಕು ಎಂದೆಯಲ್ಲ. ಒಂದೇ ಒಂದನ್ನು ಆರಿಸೆಂದರೆ ಒಂದು ವರ್ಷದೊಳಗಿನ ಸಾಲದ ಅಳತೆಯನ್ನು ಹಿಡಿ. ಆ ಲೆಕ್ಕದಲ್ಲಿ ಮೂಲತಃ ಒಂದು ವರ್ಷದ ಅವಧಿಗೆ ಪಡೆದ ಸಾಲವನ್ನಷ್ಟೇ ಅಲ್ಲದೆ, ಹತ್ತು ವರ್ಷದ ಹಿಂದೆ ಪಡೆದು ಈ ವರ್ಷ ಗಡುವು ಮುಗಿಯುವ ಸಾಲವನ್ನೂ ಸೇರಿಸಬೇಕು ಎಂಬುದನ್ನು ಮರೆಯಬೇಡ. ಪತ್ರಿಕೆಗಳಲ್ಲಿ ಬರುವ ಸಣ್ಣ ಅಂಕಿ ಬಹುಮಟ್ಟಿಗೆ ಮೊದಲನೆಯದು ಮಾತ್ರ.

ಪ್ರಶ್ನೆ (ಸೋಮವಾರಪೇಟೆ, ಹಿರಿಯ ಬೆಳೆಗಾರರು): 1991ರಲ್ಲಿ ದೇಶದ ಚಿನ್ನ ಅಡವಿಟ್ಟ ಸುದ್ದಿ ಓದಿದ್ದು ನನಗೆ ಚೆನ್ನಾಗಿ ನೆನಪಿದೆ. ಆಗ ನಾವು ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಕೊಡುತ್ತಿದ್ದೆವು, ಅದರಲ್ಲಿ ದೊಡ್ಡ ಪಾಲು ರಫ್ತಾಗುತ್ತಿತ್ತು. ಇಷ್ಟೆಲ್ಲ ರಫ್ತು ಮಾಡಿಯೂ ಡಾಲರ್ ಏಕೆ ಖಾಲಿಯಾಯಿತು?

ಉತ್ತರ: ಹಿರಿಯರೇ, ನಿಮ್ಮ ಪ್ರಶ್ನೆಗೆ ಉತ್ತರ ಕಾಫಿಯಲ್ಲೇ ಇದೆ. ಆ ವರ್ಷಗಳಲ್ಲಿ ನಮ್ಮ ಕಾಫಿಯ ಬಹುದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ, ಮತ್ತು ಅದರೊಂದಿಗಿನ ವ್ಯಾಪಾರ ರೂಪಾಯಿಯಲ್ಲಿ ನಡೆಯುತ್ತಿತ್ತು. ಆ ಕಾಫಿ ಹಡಗೇರಿದರೂ ಮೀಸಲಿಗೆ ಡಾಲರ್ ಸೇರುತ್ತಿರಲಿಲ್ಲ. ಡಾಲರ್ ಕೊಡುವ ಮಾರುಕಟ್ಟೆಯಲ್ಲಿ ಬೇರೆ ಹೊಡೆತ ಬಿದ್ದಿತ್ತು: ಜುಲೈ 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಪದ್ಧತಿ ಮುರಿದುಬಿದ್ದು ಜಾಗತಿಕ ಬೆಲೆ ಕುಸಿಯಿತು. ರಫ್ತಿನ ಮೊತ್ತ ಎಷ್ಟೆಂಬುದರ ಜೊತೆಗೆ, ಅದು ಯಾವ ನಾಣ್ಯದಲ್ಲಿ ಬಂತು ಎಂದೂ ಕೇಳಬೇಕೆಂಬುದಕ್ಕೆ ನಮ್ಮ ಜಿಲ್ಲೆಯ ಬೆಳೆಯೇ ಸಾಕ್ಷಿ.

ಇನ್ನು ದೇಶದ ಕಥೆ. ಆಗಸ್ಟ್ 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ತೈಲದ ಬೆಲೆ ಏರಿತು, ಕೊಲ್ಲಿಯಿಂದ ಬರುತ್ತಿದ್ದ ಹಣ ಕಡಿಮೆಯಾಯಿತು, ಅನಿವಾಸಿ ಭಾರತೀಯರು ಠೇವಣಿ ಹಿಂತೆಗೆಯತೊಡಗಿದರು, ವಿದೇಶಿ ಬ್ಯಾಂಕುಗಳು ಅಲ್ಪಾವಧಿ ಸಾಲವನ್ನು ನವೀಕರಿಸಲು ಹಿಂದೇಟು ಹಾಕಿದವು. ಜನವರಿ 1991ರಲ್ಲಿ ಕೈಯಲ್ಲಿದ್ದ ವಿದೇಶಿ ಹಣ ಸುಮಾರು 1.2 ಶತಕೋಟಿ ಡಾಲರಿಗೆ ಇಳಿದಿತ್ತು. ಅದು ಕೆಲವೇ ವಾರಗಳ ಆಮದಿಗೆ ಸಾಲುವ ಮೊತ್ತ. ಮಾರ್ಚ್ 1991ರ ಕೊನೆಗೆ ಚಿನ್ನವೂ ಸೇರಿ ಮೀಸಲು 5.8 ಶತಕೋಟಿ ಡಾಲರ್ ಎಂದು ಪುಸ್ತಕದಲ್ಲಿ ಇತ್ತು, ಅಲ್ಪಾವಧಿ ಸಾಲ ಅದರ ಶೇ 146ಕ್ಕೂ ಹೆಚ್ಚಿತ್ತು. ಪುಸ್ತಕದಲ್ಲಿದ್ದ ಆ ಚಿನ್ನವನ್ನು ಖರ್ಚು ಮಾಡುವ ಒಂದೇ ದಾರಿ ಅದನ್ನು ಹೊರದೇಶಕ್ಕೆ ಸಾಗಿಸುವುದಾಗಿತ್ತು. ಮೇ ತಿಂಗಳಲ್ಲಿ ಸರ್ಕಾರದ ಬಳಿಯಿದ್ದ ಮುಟ್ಟುಗೋಲಿನ ಚಿನ್ನದಲ್ಲಿ 20 ಟನ್ ಅನ್ನು ಸ್ಟೇಟ್ ಬ್ಯಾಂಕಿನ ಮೂಲಕ ಮರುಖರೀದಿಯ ಷರತ್ತಿನೊಂದಿಗೆ ಮಾರಲಾಯಿತು; ಜುಲೈಯಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಲಂಡನ್ನಿಗೆ ಕಳುಹಿಸಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಿಂದ ಸುಮಾರು 40 ಕೋಟಿ ಡಾಲರ್ ಸಾಲ ಪಡೆಯಲಾಯಿತು. ಜುಲೈ 1 ಮತ್ತು 3ರಂದು ರೂಪಾಯಿಯನ್ನು ಎರಡು ಹಂತದಲ್ಲಿ ಅಪಮೌಲ್ಯಗೊಳಿಸಿದರು. ಆಮೇಲೆ ಸಿ. ರಂಗರಾಜನ್ ಅಧ್ಯಕ್ಷತೆಯ ಸಮಿತಿ, ಮೀಸಲಿನ ಗುರಿಯನ್ನು ಆಮದಿನ ತಿಂಗಳುಗಳಿಂದ ಮಾತ್ರ ಅಳೆಯದೆ, ತೀರಿಸಬೇಕಾದ ಪಾವತಿಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು 1993ರಲ್ಲಿ ಶಿಫಾರಸು ಮಾಡಿತು. ಪೂರ್ವ ಏಷ್ಯಾದ ಬಿಕ್ಕಟ್ಟಿಗಿಂತ ನಾಲ್ಕು ವರ್ಷ ಮೊದಲೇ ನಮ್ಮಲ್ಲಿ ಈ ಮಾತು ಬರವಣಿಗೆಗೆ ಬಂದಿತ್ತು ಎಂಬುದು ನನಗೆ ಹೆಮ್ಮೆಯ ವಿಷಯ.

ಪ್ರಶ್ನೆ (ಕುಶಾಲನಗರ): ಇಷ್ಟೊಂದು ಡಾಲರ್ ಸುಮ್ಮನೆ ಇಟ್ಟುಕೊಂಡು ಏನು ಪ್ರಯೋಜನ ಮೇಡಂ? 2018ರ ಭೂಕುಸಿತದಲ್ಲಿ ನಮ್ಮ ಜಿಲ್ಲೆಯ ಎಷ್ಟೋ ಕುಟುಂಬಗಳು ಮನೆ ಕಳೆದುಕೊಂಡವು, ರಸ್ತೆಗಳು ಕೊಚ್ಚಿಹೋದವು. ಮೀಸಲಿನ ಒಂದು ಸಣ್ಣ ಭಾಗ ತೆಗೆದು ಇಂಥ ಕೆಲಸಕ್ಕೆ ಹಾಕಬಾರದೇ?

ಉತ್ತರ: ಈ ಪ್ರಶ್ನೆಯ ಹಿಂದಿನ ನೋವು ನನ್ನದೂ ಹೌದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ನಿಮ್ಮೂರಿನ ಹತ್ತಿರದ ಕೂಡ್ಲೂರಿನ ಕ್ಯೂರಿಂಗ್ ಘಟಕದಿಂದ 60 ಕಿಲೋ ತೂಕದ 320 ಚೀಲ ಕಾಫಿ ಬೀಜ ತುಂಬಿದ ಒಂದು ಕಂಟೈನರ್ ಮಂಗಳೂರು ಬಂದರಿನ ಮೂಲಕ ಇಟಲಿಗೆ ಹೊರಟಿತು ಎನ್ನಿ. ತೂಕ 19.2 ಟನ್. ಟನ್ನಿಗೆ 4,000 ಡಾಲರ್ ಎಂದು ಲೆಕ್ಕಕ್ಕೆ ಹಿಡಿದರೆ 76,800 ಡಾಲರ್ ಆಗುತ್ತದೆ. ಆ ಹಣ ನ್ಯೂಯಾರ್ಕಿನಲ್ಲಿರುವ ನಮ್ಮ ಬ್ಯಾಂಕಿನ ಖಾತೆಗೆ ಜಮೆಯಾಗುತ್ತದೆ. ನಮ್ಮ ವಿಭಾಗದಲ್ಲಿ ಅದನ್ನು ನಾಸ್ಟ್ರೋ ಖಾತೆ ಎನ್ನುತ್ತಿದ್ದೆವು. ಡಾಲರಿಗೆ 85 ರೂಪಾಯಿ ದರವಿದ್ದರೆ ಬ್ಯಾಂಕು ಇಲ್ಲಿನ ರಫ್ತುದಾರರಿಗೆ 65.28 ಲಕ್ಷ ರೂಪಾಯಿ ಕೊಡುತ್ತದೆ, ಅವರು ಬೆಳೆಗಾರರಿಗೆ, ಲಾರಿಯವರಿಗೆ, ಕೂಲಿಯವರಿಗೆ ಹಂಚುತ್ತಾರೆ. ಬ್ಯಾಂಕು ತನ್ನ ಬಳಿ ಉಳಿದ ಡಾಲರನ್ನು ಮಾರುಕಟ್ಟೆಯಲ್ಲಿ ಮಾರುತ್ತದೆ. ತೈಲ ಕಂಪನಿಯೊಂದು ಕೊಂಡರೆ ಮೀಸಲಿನಲ್ಲಿ ಏನೂ ಬದಲಾಗುವುದಿಲ್ಲ. ರಿಸರ್ವ್ ಬ್ಯಾಂಕ್ ಕೊಂಡರೆ ಆ ಡಾಲರ್ ಮೀಸಲಿಗೆ ಸೇರುತ್ತದೆ, ಮತ್ತು ಅದಕ್ಕೆ ಕೊಟ್ಟ ರೂಪಾಯಿ ರಿಸರ್ವ್ ಬ್ಯಾಂಕ್ ಹೊಸದಾಗಿ ಸೃಷ್ಟಿಸಿದ ರೂಪಾಯಿ.

ಅಂದರೆ ಆ ಡಾಲರಿನ ಬೆಲೆ ಈಗಾಗಲೇ ಕೊಡಗಿನಲ್ಲಿ ಖರ್ಚಾಗಿದೆ. ರಸ್ತೆಗೆ, ಮನೆಗೆ ಬೇಕಾದ ಮರಳು, ಕಲ್ಲು, ಕೂಲಿ ಎಲ್ಲವೂ ರೂಪಾಯಿಯವು. ಮೀಸಲಿನಿಂದ ಅವನ್ನು ಮಾಡಿಸಬೇಕಾದರೆ ಡಾಲರನ್ನು ಮಾರುಕಟ್ಟೆಯಲ್ಲಿ ಮಾರಿ ರೂಪಾಯಿ ಪಡೆಯಬೇಕು. ದೊಡ್ಡ ಮೊತ್ತ ಹಾಗೆ ಮಾರಿದರೆ ರೂಪಾಯಿ ಬಲಗೊಂಡು ಇದೇ ಕಾಫಿಗೆ ಸಿಗುವ ರೂಪಾಯಿ ಕಡಿಮೆಯಾಗುತ್ತದೆ. ಮಾರದೆ ಹಾಗೆಯೇ ಸರ್ಕಾರಕ್ಕೆ ಕೊಟ್ಟರೆ, ಅದು ನೋಟು ಮುದ್ರಿಸಿ ಕೊಟ್ಟದ್ದಕ್ಕೆ ಸಮ. ಮನೆ ಕಳೆದುಕೊಂಡವರಿಗೆ ಮನೆ ಕಟ್ಟಿಕೊಡುವುದು ಬಜೆಟ್ಟಿನ ಹೊಣೆ, ಅದನ್ನು ಅಲ್ಲಿಂದಲೇ ಕೇಳಬೇಕು, ಗಟ್ಟಿಯಾಗಿ ಕೇಳಬೇಕು.

ಇದರ ಜೊತೆಗೆ ಭಾರತಕ್ಕೇ ವಿಶೇಷವಾದ ಒಂದು ಎಚ್ಚರವಿದೆ. ತೈಲ ಮಾರುವ ಸೌದಿ ಅರೇಬಿಯಾ, ವಸ್ತು ಮಾರುವ ಚೀನಾ ತಾವು ಗಳಿಸಿದ್ದರಲ್ಲಿ ಉಳಿಸಿ ಮೀಸಲು ಕಟ್ಟಿದವು. ನಮ್ಮ ಚಾಲ್ತಿ ಖಾತೆಯಲ್ಲಿ, ಅಂದರೆ ಸರಕು, ಸೇವೆ ಮುಂತಾದವುಗಳಿಂದ ದೇಶಕ್ಕೆ ಬಂದ ಮತ್ತು ದೇಶದಿಂದ ಹೋದ ಹಣದ ಲೆಕ್ಕದಲ್ಲಿ, 2001ರಿಂದ 2004ರವರೆಗಿನ ಮೂರು ವರ್ಷ ಮತ್ತು ಕೋವಿಡ್‌ನ 2020–21 ಬಿಟ್ಟರೆ ಬಹುತೇಕ ಎಲ್ಲ ವರ್ಷವೂ ಕೊರತೆಯೇ. ನಮ್ಮ ಮೀಸಲು ಕಟ್ಟಿದ್ದು ಹೂಡಿಕೆಯಾಗಿ, ಸಾಲವಾಗಿ, ಅನಿವಾಸಿ ಠೇವಣಿಯಾಗಿ ಒಳಬಂದ ಡಾಲರಿನಿಂದ. ಅವುಗಳಲ್ಲಿ ಬಹುಪಾಲಿಗೆ ಹೊರಗೊಬ್ಬ ಮಾಲೀಕನಿದ್ದಾನೆ, ಅವನು ಕೇಳಿದಾಗ ಕೊಡಬೇಕು.

ಹಾಗೆಂದು ಇಟ್ಟುಕೊಳ್ಳುವುದು ಪುಕ್ಕಟೆಯಲ್ಲ. ಡಾಲರ್ ಕೊಳ್ಳಲು ಸೃಷ್ಟಿಸಿದ ರೂಪಾಯಿ ಬೆಲೆ ಏರಿಸದಂತೆ ರಿಸರ್ವ್ ಬ್ಯಾಂಕ್ ಬಾಂಡ್ ಮಾರಿ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ; 2004ರಲ್ಲಿ ಇದಕ್ಕೆಂದೇ ಮಾರುಕಟ್ಟೆ ಸ್ಥಿರೀಕರಣ ಯೋಜನೆ ಬಂತು. ಆ ಬಾಂಡಿಗೆ ಶೇ 7 ಬಡ್ಡಿ ಕೊಟ್ಟು, ಅಮೆರಿಕದ ಸರ್ಕಾರಿ ಪತ್ರದಲ್ಲಿಟ್ಟ ಡಾಲರಿಗೆ ಶೇ 3 ಬಡ್ಡಿ ಪಡೆದರೆ, 100 ಶತಕೋಟಿಗೆ ವರ್ಷಕ್ಕೆ 4 ಶತಕೋಟಿ ಡಾಲರಿನ ವ್ಯತ್ಯಾಸ. ಉದಯೋನ್ಮುಖ ದೇಶಗಳು ಹೀಗೆ ತೆರುತ್ತಿರುವ ಬೆಲೆ ಅವುಗಳ ಜಿಡಿಪಿಯ ಸುಮಾರು ಶೇ 1 ಎಂದು ಅರ್ಥಶಾಸ್ತ್ರಜ್ಞ ಡ್ಯಾನಿ ರಾಡ್ರಿಕ್ 2006ರಲ್ಲಿ ಅಂದಾಜಿಸಿದ್ದರು. ರೂಪಾಯಿ ಕಾಲಕ್ರಮದಲ್ಲಿ ಇಳಿಯುವುದರಿಂದ ಹಳೆಯ ಡಾಲರನ್ನು ಮಾರಿದಾಗ ಲಾಭವೂ ಬರುತ್ತದೆ ಎಂಬುದನ್ನು ಇದಕ್ಕೆ ಎದುರಾಗಿ ಇಡಬೇಕು; ರಿಸರ್ವ್ ಬ್ಯಾಂಕ್ 2024–25ಕ್ಕೆ ಕೇಂದ್ರಕ್ಕೆ ವರ್ಗಾಯಿಸಿದ ಸುಮಾರು 2.69 ಲಕ್ಷ ಕೋಟಿ ರೂಪಾಯಿ ಹೆಚ್ಚುವರಿಯಲ್ಲಿ ಡಾಲರ್ ಮಾರಾಟದ ಲಾಭಕ್ಕೆ ದೊಡ್ಡ ಪಾಲಿದೆ.

ಪ್ರಶ್ನೆ (ವಿರಾಜಪೇಟೆ, ಕರಿಮೆಣಸು ವ್ಯಾಪಾರಿ): ಶ್ರೀಲಂಕಾದೊಂದಿಗೆ ನಮ್ಮ ವ್ಯಾಪಾರದವರಿಗೆ ಹಳೆಯ ಸಂಬಂಧ. 2022ರಲ್ಲಿ ಅಲ್ಲಿ ಡಾಲರ್ ಖಾಲಿಯಾಗುತ್ತದೆಂದು ಮೀಸಲಿನ ಅಂಕಿ ನೋಡಿ ಮೊದಲೇ ಹೇಳಬಹುದಿತ್ತೇ?

ಉತ್ತರ: ಹೇಳಬಹುದಿತ್ತು, ಆದರೆ ಪ್ರಕಟಿತ ಅಂಕಿಯನ್ನು ಬಿಡಿಸಿ ನೋಡಿದವರಿಗೆ ಮಾತ್ರ. 2019ರ ಕೊನೆಗೆ 7.6 ಶತಕೋಟಿ ಡಾಲರ್ ಇದ್ದ ಶ್ರೀಲಂಕಾದ ಮೀಸಲು 2021ರ ಕೊನೆಗೆ 3.1 ಶತಕೋಟಿ ಎಂದು ಪ್ರಕಟವಾಯಿತು. ಆ 3.1ರಲ್ಲಿ ಸುಮಾರು 1.5 ಶತಕೋಟಿ ಚೀನಾದ ಕೇಂದ್ರ ಬ್ಯಾಂಕಿನೊಂದಿಗಿನ ಯುವಾನ್ ವಿನಿಮಯ ಒಪ್ಪಂದದ (ತನ್ನ ನಾಣ್ಯ ಕೊಟ್ಟು ಯುವಾನ್ ಪಡೆದು, ಮುಂದೆ ಹಿಂದಿರುಗಿಸುವ ಒಪ್ಪಂದದ) ಹಣ, ಮತ್ತು ಮೂರು ತಿಂಗಳ ಆಮದಿನಷ್ಟು ಮೀಸಲಿದ್ದರೆ ಮಾತ್ರ ಅದನ್ನು ಬಳಸಬಹುದೆಂಬ ಷರತ್ತು ಅದಕ್ಕಿತ್ತು. ಅಗತ್ಯ ಬಿದ್ದಾಗಲೇ ಮುಟ್ಟಲಾಗದ ಹಣವನ್ನು ಮೀಸಲೆಂದು ಎಣಿಸಿದ್ದರು. ಜನವರಿ 2022ರಲ್ಲಿ 50 ಕೋಟಿ ಡಾಲರಿನ ಬಾಂಡನ್ನು ತೀರಿಸಿದರು. ಏಪ್ರಿಲ್ 12ರಂದು ವಿದೇಶಿ ಸಾಲದ ಮರುಪಾವತಿ ನಿಲ್ಲಿಸಿರುವುದಾಗಿ ಘೋಷಿಸಿದರು. ಮೇ ತಿಂಗಳಲ್ಲಿ ಬಳಸಬಹುದಾದ ಮೀಸಲು 5 ಕೋಟಿ ಡಾಲರಿಗಿಂತಲೂ ಕಡಿಮೆ ಎಂದು ಅಲ್ಲಿನ ಹಣಕಾಸು ಸಚಿವರೇ ಸಂಸತ್ತಿಗೆ ತಿಳಿಸಿದರು. ಅಡುಗೆ ಅನಿಲಕ್ಕೆ, ಪೆಟ್ರೋಲಿಗೆ ಜನ ಹಗಲು ರಾತ್ರಿ ಸಾಲಿನಲ್ಲಿ ನಿಂತದ್ದನ್ನು ನಾವೆಲ್ಲ ನೋಡಿದೆವು.

ಇದು ಶ್ರೀಲಂಕಾದ ಕಥೆ ಮಾತ್ರವಲ್ಲ. ನವೆಂಬರ್ 1997ರ ಕೊನೆಗೆ ದಕ್ಷಿಣ ಕೊರಿಯಾದ ಪ್ರಕಟಿತ ಮೀಸಲು ಸುಮಾರು 24 ಶತಕೋಟಿ ಡಾಲರ್, ಬಳಸಬಹುದಾದದ್ದು ಸುಮಾರು 7 ಶತಕೋಟಿ. ಉಳಿದದ್ದರಲ್ಲಿ ಹೆಚ್ಚಿನದನ್ನು ಕೊರಿಯಾದ ಬ್ಯಾಂಕುಗಳ ವಿದೇಶಿ ಶಾಖೆಗಳಲ್ಲಿ ಠೇವಣಿ ಇಟ್ಟಿದ್ದರು, ಆ ಶಾಖೆಗಳು ಅದನ್ನು ತಮ್ಮ ಸಾಲ ತೀರಿಸಲು ಬಳಸಿಬಿಟ್ಟಿದ್ದವು. ಥಾಯ್ಲೆಂಡ್ ತನ್ನ ನಾಣ್ಯವಾದ ಬಾತ್‌ನ ರಕ್ಷಣೆಗಾಗಿ ಸುಮಾರು 23 ಶತಕೋಟಿ ಡಾಲರನ್ನು ಮುಂಗಡ ಒಪ್ಪಂದಗಳಲ್ಲಿ ಮಾರಿಟ್ಟಿತ್ತು. ಮಾರಿದ ಡಾಲರನ್ನು ಕೊಡುವ ದಿನ ಇನ್ನೂ ಬಂದಿರದ ಕಾರಣ ಅದು ಮೀಸಲಿನ ಅಂಕಿಯಲ್ಲಿ ಹಾಗೆಯೇ ಕಾಣುತ್ತಿತ್ತು. ಆದ್ದರಿಂದ ನಾನು ಒಟ್ಟು ಮೀಸಲನ್ನು ಕೇಳುವ ಮೊದಲು, ಅದರಲ್ಲಿ ನಾಳೆ ಬೆಳಿಗ್ಗೆ ತೆಗೆದು ಕೊಡಬಹುದಾದದ್ದು ಎಷ್ಟು ಎಂದು ಕೇಳುತ್ತೇನೆ.

ಪ್ರಶ್ನೆ (ಗೋಣಿಕೊಪ್ಪಲು, ಮೊದಲ ಪ್ರಶ್ನೆ ಕೇಳಿದವರು): ರೂಪಾಯಿ ಇಳಿದರೆ ನಮಗೆ ಕಾಫಿಗೆ ಹೆಚ್ಚು ಸಿಗುತ್ತದೆ. ಮತ್ತೇಕೆ ರಿಸರ್ವ್ ಬ್ಯಾಂಕ್ ಡಾಲರ್ ಮಾರಿ ಅದನ್ನು ತಡೆಯುತ್ತದೆ?

ಉತ್ತರ: ಇಂಥ ದರದಲ್ಲೇ ನಿಲ್ಲಿಸುವುದು ತನ್ನ ಉದ್ದೇಶವಲ್ಲ, ಅತಿಯಾದ ಏರಿಳಿತ ತಡೆಯುವುದಷ್ಟೇ ಉದ್ದೇಶ ಎಂಬುದು ಅದರ ಘೋಷಿತ ನಿಲುವು, ಮತ್ತು ಆ ಮಿತಿಯೊಳಗೆ ಅದು ಸರಿ ಎಂದೇ ನನ್ನ ಅಭಿಪ್ರಾಯ. ನೀವು ತೋಟಕ್ಕೆ ಹಾಕುವ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಆಮದು, ಡೀಸೆಲ್ಲಿನ ಹಿಂದಿನ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚು ಆಮದು. ರೂಪಾಯಿ ಇಳಿದಾಗ ಕಾಫಿಯ ಲಾಭದ ಒಂದು ಪಾಲು ಅಲ್ಲೇ ಹೋಗುತ್ತದೆ. 2013ರ ಬೇಸಿಗೆಯನ್ನು ನೆನಪಿಸಿಕೊಳ್ಳಿ. ಅಮೆರಿಕ ತನ್ನ ಬಾಂಡ್ ಖರೀದಿ ತಗ್ಗಿಸುವ ಸೂಚನೆ ಕೊಟ್ಟಿದ್ದೇ ತಡ, ಮೇ ತಿಂಗಳಲ್ಲಿ 55ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ 28ಕ್ಕೆ 68 ರೂಪಾಯಿ ದಾಟಿತು. ಆಗ ನಮ್ಮಲ್ಲಿ ಸುಮಾರು 275 ಶತಕೋಟಿ ಡಾಲರ್ ಮೀಸಲಿತ್ತು, ಹಳೆಯ ಮೂರು ತಿಂಗಳ ಅಳತೆಗಿಂತ ಎರಡು ಪಟ್ಟು ಹೆಚ್ಚು. ಆದರೆ ಹಿಂದಿನ ವರ್ಷದ ಚಾಲ್ತಿ ಖಾತೆ ಕೊರತೆ ಜಿಡಿಪಿಯ ಶೇ 4.8 ಇತ್ತು, ಮಾರುಕಟ್ಟೆ ನೋಡಿದ್ದು ಅದನ್ನು. ಕೊನೆಗೆ ಅನಿವಾಸಿ ಠೇವಣಿ ಮತ್ತು ಬ್ಯಾಂಕುಗಳ ವಿದೇಶಿ ಸಾಲಕ್ಕೆ ರಿಸರ್ವ್ ಬ್ಯಾಂಕ್ ರಿಯಾಯಿತಿ ದರದ ವಿನಿಮಯ ಸೌಲಭ್ಯ ತೆರೆದು ಸುಮಾರು 34 ಶತಕೋಟಿ ಡಾಲರ್ ಸೆಳೆಯಬೇಕಾಯಿತು. ಅದೂ ಸಾಲವೇ, ಮೂರು ವರ್ಷದ ನಂತರ 2016ರಲ್ಲಿ ತೀರಿಸಿದರು.

ಪ್ರಶ್ನೆ (ಪೊನ್ನಂಪೇಟೆ): ಮೀಸಲಿನಲ್ಲಿ ಚಿನ್ನ ಹೆಚ್ಚಿಸುತ್ತಿರುವುದು ಒಳ್ಳೆಯದೇ?

ಉತ್ತರ: ಮಿತಿಯಲ್ಲಿ ಒಳ್ಳೆಯದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ಸುಮಾರು 300 ಶತಕೋಟಿ ಡಾಲರ್ ಮೀಸಲನ್ನು ಪಾಶ್ಚಾತ್ಯ ದೇಶಗಳು ತಡೆಹಿಡಿದ ಮೇಲೆ, ಮೀಸಲು ಎಷ್ಟಿದೆ ಎಂಬುದರ ಜೊತೆಗೆ ಎಲ್ಲಿದೆ ಎಂಬುದೂ ಎಲ್ಲ ಕೇಂದ್ರ ಬ್ಯಾಂಕುಗಳ ಪ್ರಶ್ನೆಯಾಯಿತು. 2023–24ರಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 100 ಟನ್ ಚಿನ್ನವನ್ನು ಬ್ರಿಟನ್ನಿನಿಂದ ದೇಶಕ್ಕೆ ತರಿಸಿಕೊಂಡಿತು. ಆದರೆ ಚಿನ್ನದ ಬೆಲೆ ಏರಿದ್ದಕ್ಕೆ ಮೀಸಲು ಏರಿದರೆ ಅದನ್ನು ಹೊಸ ಡಾಲರ್ ಬಂದಂತೆ ಎಣಿಸಬಾರದು. ಯೂರೊ, ಪೌಂಡ್, ಯೆನ್‌ಗಳಲ್ಲಿಟ್ಟ ಭಾಗವೂ ಹೀಗೆಯೇ. ಡಾಲರ್ ಬಲಗೊಂಡ ವಾರ, ಒಂದು ಡಾಲರನ್ನೂ ಮಾರದೆ ಮೀಸಲು ಇಳಿದಂತೆ ಕಾಣುತ್ತದೆ.

ಪ್ರಶ್ನೆ (ಮಡಿಕೇರಿ, ನಿವೃತ್ತ ಸೈನಿಕರು): ಎಲ್ಲ ಓದಿದೆ ಮೇಡಂ. ನಿಮ್ಮ ಮಟ್ಟಿಗೆ ಭಾರತದ ಮೀಸಲು ಈಗ ಸಾಕೇ, ಇನ್ನೂ ಬೇಕೇ? ನೇರವಾಗಿ ಹೇಳಿ.

ಉತ್ತರ: ಸಾಕು ಎಂದು ನನ್ನ ಅಭಿಪ್ರಾಯ, ಮತ್ತು ಅದಕ್ಕೆ ಆಧಾರ ಹೀಗಿದೆ. ಮಾರ್ಚ್ 2025ರ ಕೊನೆಗೆ ನಮ್ಮ ಮೀಸಲು ಸುಮಾರು 668 ಶತಕೋಟಿ ಡಾಲರ್. ಒಟ್ಟು ವಿದೇಶಿ ಸಾಲ ಸುಮಾರು 736 ಶತಕೋಟಿ, ಅದರಲ್ಲಿ ಒಂದು ವರ್ಷದೊಳಗೆ ತೀರಿಸಬೇಕಾದದ್ದು 300 ಶತಕೋಟಿಯ ಆಸುಪಾಸು. ರಿಸರ್ವ್ ಬ್ಯಾಂಕ್ ಮುಂಗಡವಾಗಿ ಮಾರಿದ್ದ ಡಾಲರ್ 80 ಶತಕೋಟಿಗೂ ಮೀರಿತ್ತು. ಅದನ್ನು ಕಳೆದರೂ 580ರ ಹತ್ತಿರ ಉಳಿಯುತ್ತದೆ. ವರ್ಷದ ಸಾಲವನ್ನೆಲ್ಲ ತೀರಿಸಿ, ಚಾಲ್ತಿ ಖಾತೆಯ ಕೊರತೆ ತುಂಬಿ, ಷೇರುಪೇಟೆಯಿಂದ ವಿದೇಶಿ ಹೂಡಿಕೆದಾರರು ದೊಡ್ಡ ಮೊತ್ತದಲ್ಲಿ ಹೊರಟರೂ ತಡೆದುಕೊಳ್ಳುವಷ್ಟು ಅದರಲ್ಲಿದೆ. ಸೆಪ್ಟೆಂಬರ್ 2024ರ ಕೊನೆಗೆ 704 ಶತಕೋಟಿ ದಾಟಿದ್ದ ಮೀಸಲು ನಾಲ್ಕು ತಿಂಗಳೊಳಗೆ ಸುಮಾರು 80 ಶತಕೋಟಿ ಇಳಿಯಿತು, ಆದರೂ ಯಾವ ಆಮದೂ ನಿಲ್ಲಲಿಲ್ಲ, ಯಾವ ಸಾಲದ ಕಂತೂ ತಪ್ಪಲಿಲ್ಲ. ಕಷ್ಟಕಾಲದಲ್ಲಿ ಇಳಿಯುವುದಕ್ಕೇ ಮೀಸಲು ಇರುವುದು. ಇಳಿದ ಕೂಡಲೇ ಗಾಬರಿಯಾಗುವ ಸುದ್ದಿಮನೆಗಳು ಇದನ್ನು ಗಮನಿಸಬೇಕು.

ಓಲಿವಿಯೆ ಜಾನ್ ಮತ್ತು ರೊಮೇನ್ ರಾನ್ಸಿಯೇರ್ ಎಂಬ ಅರ್ಥಶಾಸ್ತ್ರಜ್ಞರು ಬಿಕ್ಕಟ್ಟಿನ ಸಾಧ್ಯತೆ ಮತ್ತು ಮೀಸಲಿನ ವೆಚ್ಚ ಎರಡನ್ನೂ ತೂಗಿ, ಉದಯೋನ್ಮುಖ ದೇಶಕ್ಕೆ ಜಿಡಿಪಿಯ ಸುಮಾರು ಶೇ 9ರಷ್ಟು ಮೀಸಲು ಸೂಕ್ತವೆಂಬ ಲೆಕ್ಕ ಕೊಟ್ಟಿದ್ದಾರೆ. ನಮ್ಮದು ಶೇ 17ರ ಆಸುಪಾಸು. ನಾನು ಆ ಶೇ 9ಕ್ಕೆ ಇಳಿಸಿರೆನ್ನುವುದಿಲ್ಲ. ತೈಲದ ಮೇಲಿನ ಅವಲಂಬನೆ, ನೆರೆಹೊರೆಯ ಭದ್ರತೆಯ ಪರಿಸ್ಥಿತಿ ನೋಡಿದರೆ ನಮಗೆ ಹೆಚ್ಚೇ ಇರಬೇಕು. 2008ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಬ್ರೆಜಿಲ್, ಮೆಕ್ಸಿಕೊ, ಕೊರಿಯಾ, ಸಿಂಗಪುರಗಳಿಗೆ ತಲಾ 30 ಶತಕೋಟಿ ಡಾಲರಿನ ವಿನಿಮಯ ಸೌಲಭ್ಯ ಕೊಟ್ಟಾಗ ನಾವು ಆ ಪಟ್ಟಿಯಲ್ಲಿರಲಿಲ್ಲ. ಆದರೆ ಒಂದು ಲಕ್ಷ ಕೋಟಿ ಡಾಲರ್ ಮುಟ್ಟಬೇಕೆಂಬ ಗುರಿಯಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅದರ ಬದಲು ಒಂದು ವರ್ಷದೊಳಗೆ ತೀರಿಸಬೇಕಾದ ಸಾಲವನ್ನು ಕಡಿಮೆ ಇಟ್ಟುಕೊಂಡರೆ, ಕಂಪನಿಗಳು ವಿನಿಮಯ ದರದ ಅಪಾಯಕ್ಕೆ ಮುಂಗಡ ರಕ್ಷಣೆ ಪಡೆಯದೆ ಡಾಲರ್ ಸಾಲ ಎತ್ತುವುದನ್ನು ತಡೆದರೆ, ಬೇಕಾಗುವ ಮೀಸಲೇ ಕಡಿಮೆಯಾಗುತ್ತದೆ. ಶ್ರೀಲಂಕಾ, ನೇಪಾಳದಂಥ ಸಣ್ಣ ದೇಶಗಳಿಗೆ ನನ್ನ ಉತ್ತರ ಬೇರೆ: ಅವುಗಳ ರಫ್ತು ಕೆಲವೇ ವಸ್ತುಗಳದ್ದು, ಪ್ರವಾಸೋದ್ಯಮ ಅಥವಾ ಹೊರದೇಶದಿಂದ ಬರುವ ಸಂಬಳದ ಹಣ ನಿಂತರೆ ಬೇರೆ ದಾರಿಯಿಲ್ಲ, ಆದ್ದರಿಂದ ಐಎಂಎಫ್ ಅಳತೆಯ ಮೇಲಿನ ತುದಿಯಲ್ಲೇ ಇರುವುದು ಅವುಗಳಿಗೆ ಕ್ಷೇಮ.

ಪ್ರಶ್ನೆ (ಮಡಿಕೇರಿ, ಎಂ.ಕಾಂ. ವಿದ್ಯಾರ್ಥಿನಿ): ಮುಂಗಡವಾಗಿ ಮಾರಿದ ಡಾಲರಿನ ಅಂಕಿ ಎಲ್ಲಿ ಸಿಗುತ್ತದೆ ಮೇಡಂ? ವಾರದ ಪ್ರಕಟಣೆಯಲ್ಲಿ ನನಗೆ ಕಾಣಿಸಲಿಲ್ಲ.

ಉತ್ತರ: ವಾರದ ಪ್ರಕಟಣೆಯಲ್ಲಿ ವಿದೇಶಿ ಕರೆನ್ಸಿ ಆಸ್ತಿ, ಚಿನ್ನ, ಎಸ್‌ಡಿಆರ್ (ಐಎಂಎಫ್ ಸದಸ್ಯ ದೇಶಗಳಿಗೆ ಹಂಚುವ ಮೀಸಲು ಆಸ್ತಿ), ಐಎಂಎಫ್‌ನಲ್ಲಿರುವ ಮೀಸಲು ಸ್ಥಾನ (ಅಲ್ಲಿಂದ ಬೇಕೆಂದಾಗ ಪಡೆಯಬಹುದಾದ ನಮ್ಮ ಪಾಲು) ಎಂಬ ನಾಲ್ಕು ಸಾಲುಗಳಷ್ಟೇ ಇರುತ್ತವೆ. ಮುಂಗಡದ ಬಾಕಿ ರಿಸರ್ವ್ ಬ್ಯಾಂಕಿನ ಮಾಸಿಕ ಬುಲೆಟಿನ್‌ನಲ್ಲಿ, ಡಾಲರ್ ಖರೀದಿ ಮತ್ತು ಮಾರಾಟದ ಕೋಷ್ಟಕದಲ್ಲಿ ಸ್ವಲ್ಪ ತಡವಾಗಿ ಬರುತ್ತದೆ. ಐಎಂಎಫ್ ಮಾದರಿಯಲ್ಲಿ ಪ್ರತಿ ತಿಂಗಳು ಹೊರಡಿಸುವ ಮೀಸಲಿನ ವಿವರ ಪಟ್ಟಿಯಲ್ಲಿ ಅದನ್ನು ಒಂದು ತಿಂಗಳೊಳಗೆ, ಒಂದರಿಂದ ಮೂರು ತಿಂಗಳು, ಮೂರು ತಿಂಗಳಿಂದ ಒಂದು ವರ್ಷ ಎಂದು ಅವಧಿವಾರು ವಿಂಗಡಿಸಿರುತ್ತಾರೆ. ಆ ಮೂರರಲ್ಲಿ ಮೊದಲ ಅವಧಿಯ ಮೊತ್ತವನ್ನು ಮೊದಲು ನೋಡು.